ಹಾಡಿಲ್ಲದ ಕಾಗದ

"ಕಣ್ಣು ಎಲ್ಲಿಟ್ಕೊಂಡಿದ್ದೀಯಾ?!"

ಮಚಾಕೋಸ್ ಪಟ್ಟಣದ ವಿಜ್ಞಾನ ಮೇಳದಲ್ಲಿ ಹುಡುಗಿಯರ ಶಾಲೆಯ ಮುಥೇವುವಿನ ಸ್ವೆಟರ್ ಮೇಲೆ ಅರ್ಧ ಲೋಟ ಚಹಾ ಚೆಲ್ಲಿತ್ತು. ಚೆಲ್ಲಿದವನು ಸಿಮಿಯು, ಹುಡುಗರ ಶಾಲೆಯವನು.

"ನಿನ್ನ ಮೇಲೇ ಇತ್ತು... ಅದಕ್ಕೇ ಚೆಲ್ಲಿದ್ದು," ಎಂದವನೇ ನಾಚಿ, ತಾನು ತಿನ್ನಲು ಹಿಡಿದಿದ್ದ, ಎಣ್ಣೆಯಲ್ಲಿ ಕರಿದ ಬಿಸಿ ಸಿಹಿ ಮಂದಾಜಿಯನ್ನು ಅವಳ ಕೈಗಿತ್ತ. ಬೈಯಲು ಬಾಯಿ ತೆರೆದವಳಿಗೆ ನಗು ಬಂತು. ಅಷ್ಟೇ! ಮನಸ್ಸು ಅಲ್ಲೇ ಜಾರಿತು.

ಎರಡು ವಾರಕ್ಕೆ ಅವನ ಕಾಗದ ಬಂತು. ಆದರೆ ಹುಡುಗಿಯರ ಹಾಸ್ಟೆಲಿನಲ್ಲಿ ಕಾಗದ ಬಂದವಳ ಕೈಗೆ ಅದು ಮೊದಲು ಸಿಗುತ್ತದೆಯೇ? ಗುಂಪಿನ ಯಜಮಾನಿ ಶಾಂಟೆಲ್ ಮೇಲಿನ ಮಂಚ ಹತ್ತಿ, ಎಲ್ಲರಿಗೂ ಕೇಳುವಂತೆ ಓದಬೇಕು. ಟಿವಿಯಲ್ಲಿ ಬರುವ ಒಬ್ಬ ಗಾಯಕಿಯಂತೆಯೇ ಹುಬ್ಬು ಹಾರಿಸುವ, ಅವಳಂತೆಯೇ ಮೂಗಿನಲ್ಲಿ ಮಾತಾಡುವ ನಾಲ್ವರ ಗುಂಪು ಅದು. ಮುಥೇವು ಐದನೆಯವಳು.

"ಅಯ್ಯೋ, ಸೆಂಟ್ ಹಾಕಿಲ್ಲ! ಕೊನೇಲಿ ಒಂದು ಹಾಡೂ ಡೆಡಿಕೇಟ್ ಮಾಡಿಲ್ಲ ಕಣ್ರೇ! 'ರಜೆಯಲ್ಲಿ ಅಮ್ಮನ ಜೊತೆ ಜೋಳದ ಹೊಲದಲ್ಲಿ ಕಳೆ ಕೀಳುತ್ತಾ ನಿನ್ನ ನಗು ನೆನೆಸಿಕೊಂಡೆ...' ಕಳೆಯಂತೆ!"

ಉತ್ತರವನ್ನೂ ಅವಳೇ ಹೇಳಿಕೊಟ್ಟಳು. 'ಹಾಡು ಗೊತ್ತಿಲ್ಲದ ಗಮಾರ, ನಿನ್ನ ಕಳೆಯ ಜೊತೆಗೇ ಇರು.'

"ನಾನು ಇದನ್ನ ಬರೆಯಲ್ಲ..."

"ಬರೀಬೇಡ. ನಾಳೆಯಿಂದ ನಮ್ಮ ಮೇಜಿಗೂ ಬರಬೇಡ."

ಊಟದ ಹಾಲಿನಲ್ಲಿ ಒಂಟಿಯಾಗಿ ಕೂರುವುದೆಂದರೆ ಆ ಶಾಲೆಯಲ್ಲಿ ಬದುಕಿದ್ದೂ ಸತ್ತಂತೆ. ಮುಥೇವು ಬರೆದಳು. ತನ್ನದೇ ಅಕ್ಷರದಲ್ಲಿ! ಥೂ, ಎಂಥ ಹೇಡಿ ನಾನು...

ಮುಂದಿನ ತಿಂಗಳು ಎರಡೂ ಶಾಲೆಗಳು ಸೇರಿದ ನಾಟಕದ ದಿನ ಸಿಮಿಯು ಎದುರಾದ. ಕಂಡೂ ಕಾಣದಂತೆ ದಾಟಿಹೋದ.

"ಏಯ್ ಕಳೆ ಕೀಳೋನೇ! ಹಾಡು ಕಲಿತ್ಯಾ?" ಶಾಂಟೆಲ್ ಕೂಗಿದಳು. ಗುಂಪು ಕಿಸಕ್ಕೆಂದಿತು. ಅವನ ಮುಖ ಸಣ್ಣದಾಯಿತು.

ಮುಥೇವುಗೆ ಸಾಕಾಗಿ ಹೋಯಿತು.

"ಮುಚ್ಚೇ ಬಾಯಿ! ಆ ಹುಬ್ಬು, ಆ ಮೂಗಿನ ರಾಗ, ಆ ಮೇಜು... ಎಲ್ಲಾ ನೀನೇ ಇಟ್ಕೋ! ಸಿಮಿಯು, ನಿಲ್ಲು! ಆ ಮಾತು ಇವಳದ್ದು. ಆದ್ರೆ ಬರೆದಿದ್ದು ನಾನು. ಒಂಟಿ ಆಗ್ತೀನಿ ಅಂತ ಹೆದರಿ ಬರೆದೆ. ತಪ್ಪು ನನ್ನದೇ."

"ಇನ್ಮೇಲೆ ನೀನು ನಮ್ಮವಳಲ್ಲ," ಎಂದು ಶಾಂಟೆಲ್ ಹೊರಟಳು. ಮೂವರೂ ಅವಳ ಹಿಂದೆಯೇ ಹೋದರು, ಒಬ್ಬಳೂ ತಿರುಗಿ ನೋಡಲಿಲ್ಲ.

"ಆ ಕಾಗದ ಓದಿ ಸರಿಯಾಗಿ ನಿದ್ದೆ ಮಾಡಿಲ್ಲ ನಾನು," ಎಂದ ಸಿಮಿಯು. "ಇನ್ನೂ ಸಿಟ್ಟಿದೆ."

"ಇರಲಿ. ಎಷ್ಟು ಬೇಕಾದ್ರೂ ಬೈಕೋ... ಆದ್ರೆ ನೀನಂದ್ರೆ ನಂಗಿಷ್ಟ ಕಣೋ. ಇದನ್ನ ಯಾರೂ ಹೇಳಿಕೊಟ್ಟಿಲ್ಲ."

ಅವನು ಎರಡು ಹೆಜ್ಜೆ ಹೋಗಿ ತಿರುಗಿದ.

"ಕಾಗದದಲ್ಲೇ ಬೈತೀನಿ. ನಾಲ್ಕು ಪುಟ!"

"ಬರಿ..." ಅವಳ ಕಣ್ಣು ತುಂಬಿ ಬಂತು. "ಒಬ್ಬಳೇ ಕೂತು ಓದ್ತೀನಿ."