ನಲವತ್ತು ಮೀಟರ್

ಇದು ಕಳೆದ ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಮೊಗ್ರಾಲಿನಲ್ಲಿ ನಡೆದದ್ದು. ವಿಜೇತಾಳ ಗಂಡ ಸುಜನ್ ನಾರ್ವೆಯ ಕಡಲಬದಿಯ ಬೆಟ್ಟದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ತಿಂಗಳಾಗಿತ್ತು. ವಸಂತದಲ್ಲಿ ಬಿಸಿಲೇರುವ ಮೊದಲೇ ಇಳಿಜಾರು ದಾಟಬೇಕೆಂದು ಅವಳಿಗೆ ಕಲಿಸಿದವನೇ ಆ ದಿನ ಮಧ್ಯಾಹ್ನ ಹೊರಟಿದ್ದ. ಹೆಣ ಸಿಕ್ಕಿರಲಿಲ್ಲ. ಹಿಮದಡಿ ಹೂತುಹೋದವರನ್ನು ಹುಡುಕುವ ಜೋಡಿ ಯಂತ್ರಗಳಲ್ಲಿ ಒಂದು ಅವನ ಎದೆಯ ಮೇಲಿತ್ತು, ಇನ್ನೊಂದು ಇವಳಲ್ಲಿ. ಜೋಡಿ ಎಷ್ಟು ಮೀಟರ್ ದೂರದಲ್ಲಿದೆ ಎಂದು ಅದು ತೋರಿಸುತ್ತದೆ; ನಲವತ್ತು ಮೀಟರಿನಾಚೆಯದು ಅದಕ್ಕೆ ಕೇಳಿಸದು. ಆದರೂ ಅವಳು ಬ್ಯಾಟರಿ ಬದಲಿಸುತ್ತಿದ್ದಳೇ ಹೊರತು ಅದನ್ನು ಆರಿಸಿರಲಿಲ್ಲ.

ಸತ್ತವನನ್ನು ಮನೆಯೊಳಗೆ ಕರೆಯುವ ಸಂಜೆ ಸುಜನ್‌ನ ಸೋದರಮಾವ ಪುರಂದರ ಬಾಗಿಲಿಗೆ ಅಡ್ಡ ನಿಂತರು.

“ಸುಡದವನನ್ನು ಕರೆಯುವ ಕ್ರಮ ಇಲ್ಲ, ಪುಷ್ಪಾ.”

“ದಾರಿ ಬಿಡಿ ಅಣ್ಣಾ, ಅವ ನನ್ನ ಮಗ,” ಎಂದ ಅತ್ತೆ ಪುಷ್ಪಾ ವಿಜೇತಾಳತ್ತ ತಿರುಗಿದರು. “ನೀನು ಬಾಯಿ ಬಿಡಬೇಡ. ನಿನ್ನನ್ನು ಕಟ್ಟಿಕೊಂಡ ಮೇಲೆಯೇ ಅವನಿಗೆ ಬೆಟ್ಟದ ಹುಚ್ಚು.”

ಅತ್ತೆ ಮೂರು ಸಲ ಕರೆದರು. ವಿಜೇತಾಳ ಕೈಯಲ್ಲಿದ್ದ ಯಂತ್ರ ಕೂಗಿತು. ಮೂವತ್ತೆಂಟು. ಹನ್ನೆರಡು. ಮೂರು.

“ಬಾಗಿಲು ಹಾಕಿ,” ಎಂದಳು. ಯಾರೂ ಹಾಕಲಿಲ್ಲ.

“ಎಂತ ಚಳಿ ಇದು! ಫ್ಯಾನ್ ಆರಿಸು ಮಾರಾಯ್ತಿ,” ಎಂದರು ಅತ್ತೆ. ಬೆಳಗಿನಿಂದ ಕರೆಂಟೇ ಇರಲಿಲ್ಲ.

ಜೂನ್‌ನಲ್ಲಿ ಸುಜನ್‌ನ ದೇಹ ಸಿಕ್ಕಿತು. ಅವನ ಯಂತ್ರದ ಬ್ಯಾಟರಿ ತೆಗೆದು, ಅವನನ್ನು ಅಲ್ಲೇ ಸುಟ್ಟರು. ಆಮೇಲೆ ವಿಜೇತಾ ಮೂರು ಸಲ ಕೋಣೆ ಬದಲಿಸಿದ್ದಾಳೆ. ಎಲ್ಲಿ ಮಲಗಿದರೂ ಅವಳ ಯಂತ್ರ ಅರ್ಧ ಮೀಟರ್ ಎನ್ನುತ್ತಿತ್ತು. ಈ ವಾರದಿಂದ ಅದಕ್ಕಿಂತ ಕಡಿಮೆ.