ಎರಡನೇ ಮಳೆಗೂ ಮೊದಲು

ಗದ್ದೆಯ ಬದುವಿನ ಮೇಲೆ ಗಂಡಸೊಬ್ಬ ಬೋರಲಾಗಿ ಬಿದ್ದಿದ್ದ.

ಬೆಳಗಿನಿಂದ ಹೊಡೆದ ಕಕ್ಕಡ ತಿಂಗಳ ಮಳೆ ಆಗಷ್ಟೇ ಬಿಡುವು ಕೊಟ್ಟಿತ್ತು. ಹಸುವಿಗೆ ಹುಲ್ಲು ಕೊಯ್ಯಲು ಬಂದ ಪೂವಿ ಕತ್ತಿ ಹಿಡಿದುಕೊಂಡೇ ನಿಂತುಬಿಟ್ಟಳು. ಹಾವು ಕಚ್ಚಿತೋ, ಕುಡಿದು ಬಿದ್ದನೋ. ಯಾರನ್ನಾದರೂ ಕೂಗಬೇಕು, ಆದರೆ ಜೋರಾಗಿ ಮಾತಾಡುವುದು ಅವಳಿಗೆ ಯಾವತ್ತೂ ಬಂದದ್ದಲ್ಲ. ಕೊನೆಗೆ ಸಣ್ಣದೊಂದು ಮಣ್ಣಿನ ಹೆಂಟೆ ಎತ್ತಿ ಅವನ ಕಾಲಿನ ಹತ್ತಿರ ಎಸೆದಳು.

ಅವನು ತಲೆ ಎತ್ತಲಿಲ್ಲ. ಒಂದು ಕೈ ಮಾತ್ರ ಹಿಂದೆ ಬಂದು, ತಡೀರಿ ತಡೀರಿ ಎಂಬಂತೆ ಆಡಿತು.

"ಜೀವ ಇದೆಯಾ?" ಎಂದಳು ಪೂವಿ.

"ಇದೆ. ಅದು ಹಾರಿಹೋದ ಕೂಡ್ಲೇ ಎದ್ದೇಳ್ತೀನಿ."

ಜೀವ ಹಾರಿಹೋದ ಮೇಲೆ ಎದ್ದೇಳುವವರನ್ನು ಪೂವಿ ಅದುವರೆಗೆ ಕಂಡಿರಲಿಲ್ಲ. ಬಗ್ಗಿ ನೋಡಿದಳು. ಅವನ ಮುಖದ ಮುಂದೆ ಕ್ಯಾಮೆರಾ, ಕ್ಯಾಮೆರಾದ ಮುಂದೆ ಒಂದು ಭತ್ತದ ಗರಿ, ಗರಿಯ ತುದಿಯಲ್ಲಿ ಕೆಂಪು ಏರೋಪ್ಲೇನ್ ಚಿಟ್ಟೆ. ಅದರ ರೆಕ್ಕೆಯ ಮೇಲೆ ಮಳೆಹನಿಗಳು ಪೋಣಿಸಿದಂತೆ ಕೂತಿದ್ದವು. ಚಿಟ್ಟೆ ಹಾರಿತು, ಅವನು ಎದ್ದ. ಎದೆಯಿಂದ ಮೊಣಕಾಲಿನವರೆಗೆ ಕೆಸರು. ಆ ಕೆಸರಿನ ನಡುವೆ ಇಷ್ಟು ಸಂತೋಷವಾಗಿ ನಗುವವನನ್ನು ನೋಡಿ ಪೂವಿ ಮುಖ ತಿರುಗಿಸಿಕೊಂಡಳು, ತಾನೂ ನಕ್ಕುಬಿಟ್ಟೇನು ಎಂದು.

ಅವನ ಹೆಸರು ಮಂಜುನಾಥ. ಕುಶಾಲನಗರದ ಕಡೆಯವನು. ಅಜ್ಜನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ನೆಲೆಸಿದ ಮನೆ, ಜೋಳ ಮತ್ತು ಶುಂಠಿ ಬೆಳೆಯುವವರು. ಮೈಸೂರಿನಲ್ಲಿ ಕೆಲಸ ಕಲಿತು, ಗೋಣಿಕೊಪ್ಪಲಿನಲ್ಲಿ ಸ್ಟುಡಿಯೋ ತೆರೆದು ನಾಲ್ಕು ತಿಂಗಳಾಗಿತ್ತು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜ್ ಫೋಟೋ ಹೊಟ್ಟೆಪಾಡಿಗೆ. ಸೋಮವಾರ ಅಂಗಡಿಗೆ ರಜೆ, ಆ ದಿನ ತನ್ನ ಖುಷಿಗೆ. ಎಲ್ಲರೂ ಮಡಿಕೇರಿಗೆ ಹೋಗಿ ಫೋಟೋ ತೆಗೆಯುತ್ತಾರೆ, ತನಗೆ ಮಾತ್ರ ಒಂದೇ ಊರು ಹನ್ನೆರಡು ತಿಂಗಳು ಹೇಗೆ ಹೇಗೆ ಕಾಣುತ್ತದೆಂದು ನೋಡುವ ಹುಚ್ಚು ಎಂದು ಪೂವಿಯ ಅಪ್ಪ ಮೊಣ್ಣಪ್ಪನವರಿಗೆ ಅವನೇ ಹೇಳಿಕೊಂಡ. ನಿಮ್ಮ ತೋಟ ಗದ್ದೆಯೊಳಗೆ ಓಡಾಡಲು ಬಿಡುತ್ತೀರಾ ಎಂದು ಕೇಳಿದ.

ಅವರು ಅವನ ಅಂಗಿಯ ಕೆಸರು ನೋಡಿ, ಬಿಡಬಹುದು ಎಂದರು. ದಾರಿ ತೋರಿಸಲು ಪೂವಿ, ಜೊತೆಗೆ ತಮ್ಮ ತಂಗಿ ಬೆಳ್ಳಮ್ಮನೂ ಹೋಗಲಿ ಎಂದರು.

ಪೂವಿ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಮ್ಮ ಹಾಸಿಗೆ ಹಿಡಿದಾಗ ಮನೆಗೆ ಬೇರೆ ಯಾರೂ ಇರಲಿಲ್ಲ, ಬೆಳ್ಳಮ್ಮತ್ತೆ ಬಂದು ಸೇರಿದ್ದು ಆಮೇಲೆ. ಅಮ್ಮ ಹೋದ ಮೇಲೂ ಪುಸ್ತಕದ ಕಡೆಗೆ ತಿರುಗಲಾಗಲಿಲ್ಲ. ಪುಸ್ತಕ ಓದುವ ಕಣ್ಣಿನಿಂದ ಅವಳು ತೋಟವನ್ನು ಓದಿದ್ದಳು. ಯಾವ ಹಾಲುವಾಣದ ಮರ ಮೊದಲು ಹೂ ಬಿಡುತ್ತದೆ, ಮಲಬಾರ್ ಅಳಿಲು ಎಷ್ಟು ಹೊತ್ತಿಗೆ ಹಲಸಿನ ಮರಕ್ಕೆ ಇಳಿಯುತ್ತದೆ, ತೋಡಿನ ನೀರಿನ ಮೇಲೆ ಬಿಸಿಲು ಯಾವಾಗ ಬೀಳುತ್ತದೆ, ಎಲ್ಲವೂ ಗೊತ್ತಿತ್ತು. ಗೊತ್ತಿದೆಯೇ ಎಂದು ಯಾರೂ ಕೇಳಿರಲಿಲ್ಲ.

ಮಂಜುನಾಥ ಕೇಳಿದ. ಪ್ರತಿ ಸೋಮವಾರ, ಬೈಕ್ ನಿಲ್ಲಿಸಿ ಹೆಲ್ಮೆಟ್ ತೆಗೆಯುವ ಮೊದಲೇ ಕೇಳುತ್ತಿದ್ದ. "ಇವತ್ತು ಎಂತ ಇದೆ, ಪೂವಮ್ಮ ಅವ್ರೇ?" ಎಂತ ಅನ್ನುವ ಕೊಡಗಿನ ಮಾತನ್ನು ಅವನು ಹೊಸ ಅಂಗಿ ತೊಟ್ಟವನ ಹಾಗೆ ಜಾಗ್ರತೆಯಿಂದ ಆಡುತ್ತಿದ್ದ. ಅವಳು ಬಾಯಲ್ಲಿ ಹೇಳದೆ ಮುಂದೆ ನಡೆದು ತೋರಿಸುತ್ತಿದ್ದಳು.

ಮೊದಲ ಸಲ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅವನು ತೋರಿಸಿದ ಚಿತ್ರವನ್ನು ಅವಳು ಬಹಳ ಹೊತ್ತು ನೋಡಿದಳು. ನಾಟಿಯಾದ ಗದ್ದೆಯ ನೀರಿನಲ್ಲಿ ಆಕಾಶ ಬಿದ್ದಿತ್ತು, ಆಕಾಶದೊಳಗಿಂದ ಹಸಿರು ಚಿಗುರಿತ್ತು.

"ಇದು ನಮ್ಮ ಗದ್ದೆಯಾ?"

"ನಿಮ್ದೇ. ದಿನಾ ನೋಡ್ತೀರಲ್ಲ, ಹೊಟ್ಟೆಕಿಚ್ಚಾಗುತ್ತೆ ನನಗೆ."

ಅವಳು ಪರದೆಯಿಂದ ಕಣ್ಣೆತ್ತಿದಾಗ ಅವನು ಗದ್ದೆಯನ್ನು ನೋಡುತ್ತಿರಲಿಲ್ಲ. ಪೂವಿ ಮತ್ತೆ ಪರದೆ ನೋಡಿದಳು. ಅಷ್ಟರಲ್ಲಿ ಪರದೆ ಆರಿ ಕಪ್ಪಾಗಿತ್ತು, ಆದರೂ ನೋಡುತ್ತಲೇ ಇದ್ದಳು.

ಕಕ್ಕಡ ಹದಿನೆಂಟರ ಹಬ್ಬಕ್ಕೆ ಬೆಳ್ಳಮ್ಮತ್ತೆ ಅವನಿಗೆ ಮದ್ದು ಸೊಪ್ಪಿನ ನೇರಳೆ ಬಣ್ಣದ ಪಾಯಸ ಎರಡು ಲೋಟ ಕುಡಿಸಿದರು. ಮರುದಿನ ಮೂತ್ರ ಕೆಂಪಗಾಗುತ್ತದೆ, ಹೆದರಬೇಡ ಎಂದು ಹೇಳಲು ಬೇಕೆಂದೇ ಮರೆತರು. ಅವನು ಬೆಳಿಗ್ಗೆ ಡಾಕ್ಟರ ಬಳಿ ಓಡಿದ ಸುದ್ದಿ ಅವನಿಗಿಂತ ಮೊದಲೇ ಊರು ತಲುಪಿತು. ಮುಂದಿನ ಸೋಮವಾರ ಬಂದವನು ಅತ್ತೆಯ ಮುಖ ನೋಡದೆ ಪೂವಿಗೆ ಮಾತ್ರ ಮೆಲ್ಲಗೆ, "ನೀವಾದ್ರೂ ಹೇಳ್ಬಹುದಿತ್ತು" ಎಂದ. ಅವಳು ಸೆರಗಿನಂತೆ ಹೊದ್ದ ವೇಲಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕುವುದನ್ನು ಮುಚ್ಚಿಕೊಳ್ಳಲು ಆಗಲಿಲ್ಲ.

ಮಳೆ ಹಿಂದೆ ಸರಿಯಿತು. ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಬೇಲಿಯ ಬಳ್ಳಿಯಲ್ಲಿ, ಆ ಹಬ್ಬಕ್ಕೆ ಕೋವಿಗೆ ಮುಡಿಸುವ ತೋಕ್ ಪೂ ಬೆಂಕಿಯ ನಾಲಿಗೆಯಂತೆ ಅರಳಿತು. ಅವನು ಅದರ ಮುಂದೆ ಮಂಡಿಯೂರಿ ಕೂತಾಗ, ಗಾಳಿಗೆ ಆಡುವ ಬಳ್ಳಿಯನ್ನು ಅವಳು ಎರಡು ಬೆರಳಿನಲ್ಲಿ ಹಿಡಿದಳು. ಬೆರಳು ಚಿತ್ರದೊಳಗೆ ಬರುತ್ತಿದೆ ಎಂದ. ತೆಗೆಯಲೇ ಎಂದಳು. ಬೇಡ, ಚೆನ್ನಾಗಿದೆ ಎಂದ.

ತುಲಾ ಮಾಸ ಕಳೆದು ಗದ್ದೆ ಹೊನ್ನಾಯಿತು. ಒಂದು ಬೆಳಿಗ್ಗೆ ಗದ್ದೆಯ ಆಚೆ ದಡದಿಂದ ಬಿಳಿ ಮಂಜು ಹಾಲು ಉಕ್ಕಿದಂತೆ ತುಂಬಿ ಬಂತು, ಅದರೊಳಗಿಂದ ಬೈಕಿನ ಸದ್ದೂ ಬಂತು. ಬೆಳ್ಳಮ್ಮತ್ತೆ ಎಲೆಅಡಿಕೆ ಉಗಿದು, "ಮಂಜು ಬಂತು. ಇನ್ನು ಇವಳಿಗೆ ಬೇರೆ ಎಂತದೂ ಕಾಣ್ಸೋದಿಲ್ಲ" ಎಂದರು. ಪೂವಿ ಕೇಳಿಸದವಳಂತೆ ಕೊಟ್ಟಿಗೆಗೆ ಹೋದಳು. ಕೊಟ್ಟಿಗೆಯಲ್ಲಿ ಹಸು ಇರಲಿಲ್ಲ. ಅದನ್ನು ಆಗಲೇ ಅವಳೇ ಮೇಯಲು ಬಿಟ್ಟಿದ್ದಳು.

ಕುಯ್ಲಿನ ತಿಂಗಳುಗಳಲ್ಲಿ ಅವಳ ಬೆರಳುಗಳು ಕಾಫಿ ಹಣ್ಣಿನ ಅಂಟಿಗೆ ಕಪ್ಪಾಗಿದ್ದವು. ಅವನು ಕಣದಲ್ಲಿ ಹರವಿದ ಕೆಂಪು ಹಣ್ಣನ್ನು, ಹಾಲುವಾಣದ ಹೂವಿಗೆ ತಲೆಕೆಳಗಾಗಿ ಜೋತುಬಿದ್ದ ಗಿಳಿಗಳನ್ನು ಚಿತ್ರದಲ್ಲಿ ಹಿಡಿದ. ಆ ಆರೇಳು ತಿಂಗಳಲ್ಲಿ ಇಬ್ಬರೂ ಆಡಿದ ಮಾತು ಒಂದು ಮದುವೆಮನೆಯಲ್ಲಿ ಒಬ್ಬರು ಆಡುವಷ್ಟೂ ಇರಲಿಲ್ಲ. ಆದರೂ ಸೋಮವಾರ ಸಂಜೆ ಬೈಕ್ ತಿರುವು ದಾಟಿ ಮರೆಯಾದ ಮೇಲೆ, ಪೂವಿಗೆ ದಿನವಿಡೀ ಮಾತಾಡಿ ದಣಿದಂತೆ ಆಗುತ್ತಿತ್ತು.

ಮಾರ್ಚ್ ಮೊದಲ ವಾರ, ಕಾಫಿ ಹೂ ಬಿಡಿಸುವ ಹೂಮಳೆ ಬಂತು. ದೊಡ್ಡ ಎಸ್ಟೇಟಿನವರು ಪಂಪ್ ಇಟ್ಟು ತಾವೇ ಮಳೆ ಬರಿಸಿಕೊಂಡು ಹೂ ನೋಡಿ ಆಗಿತ್ತು. ಮೊಣ್ಣಪ್ಪನವರ ಮೂರು ಎಕರೆ ಆಕಾಶವನ್ನೇ ನಂಬಿದ್ದು. ಒಂದು ಇಂಚಿಗಿಂತ ಹೆಚ್ಚೇ ಬಿತ್ತು. ಏಳನೇ ದಿನ ಸಂಜೆ ಗಿಡದ ಮೊಗ್ಗುಗಳು ಬೆಳ್ಳಗೆ ಉದ್ದವಾಗಿ ನಿಂತದ್ದನ್ನು ನೋಡಿ ಪೂವಿ ಫೋನ್ ಮಾಡಿದಳು. ಅವಳಾಗಿ ಮಾಡಿದ ಮೊದಲ ಫೋನ್. "ನಾಳೆ" ಎಂದು ಇಟ್ಟುಬಿಟ್ಟಳು.

ಮರುದಿನ ಸೋಮವಾರವಲ್ಲ. ಆದರೂ ಸೂರ್ಯ ಹುಟ್ಟುವ ಮೊದಲು ಅವನು ಬಂದಿದ್ದ.

ತೋಟ ತೋಟವಾಗಿ ಇರಲಿಲ್ಲ. ಗಿಡದಿಂದ ಗಿಡಕ್ಕೆ, ರೆಂಬೆಯಿಂದ ರೆಂಬೆಗೆ ಬಿಳಿ ಹೂ ಒತ್ತೊತ್ತಾಗಿ ಕೂತು, ಎಲೆಗೆ ಜಾಗವಿಲ್ಲದಂತಾಗಿತ್ತು. ಮಲ್ಲಿಗೆಯಂಥ, ಮಲ್ಲಿಗೆಗಿಂತ ಜೇನಿಗೆ ಹತ್ತಿರವಾದ ವಾಸನೆ. ಹೆಜ್ಜೇನಿನ ಝೇಂಕಾರಕ್ಕೆ ಇಡೀ ಇಳಿಜಾರು ಗುನುಗುತ್ತಿರುವಂತಿತ್ತು. ಬೆಳ್ಳಮ್ಮತ್ತೆ ಮೆಣಸಿನ ಬಳ್ಳಿಯ ಬುಡದಲ್ಲಿ ಕೂತು ಕಣ್ಣು ಮುಚ್ಚಿದ್ದರು, ನಿದ್ದೆಯೋ ಉಪಕಾರವೋ ಗೊತ್ತಿಲ್ಲ.

ಮಂಜುನಾಥ ಕ್ಯಾಮೆರಾ ಎತ್ತಲೇ ಇಲ್ಲ. ಕೊರಳಿಗೆ ನೇತುಹಾಕಿಕೊಂಡು ಸುಮ್ಮನೆ ನಿಂತಿದ್ದ. ಅವನ ಕೂದಲಿಗೆ ಎರಡು ಹೂ ಸಿಕ್ಕಿಕೊಂಡಿದ್ದವು. ಅವನ್ನು ತೆಗೆಯಬೇಕೆಂದು ಪೂವಿಯ ಕೈಗೆ ಅನ್ನಿಸಿತು. ಅವಳು ಕೈ ಕಟ್ಟಿಕೊಂಡಳು.

"ಪೂವಿ," ಎಂದ. ಅವ್ರೇ ಎಂಬುದು ಬಿಟ್ಟುಹೋಗಿತ್ತು. "ನಮ್ಮಮ್ಮನ್ನ ಕರ್ಕೊಂಡು ಬರ್ಲಾ? ನಿಮ್ಮ ಅಪ್ಪನ ಹತ್ರ ಮಾತಾಡೋಕೆ."

ಅವಳಿಗೆ ಜೇನಿನ ಸದ್ದು ಎದೆಯೊಳಗಿಂದಲೇ ಬರುತ್ತಿದೆ ಅನ್ನಿಸಿತು. ಹೂಂ ಎನ್ನಬೇಕಿತ್ತು. ಆದರೆ ಅವರ ಮನೆಯಲ್ಲಿ ಒಂದು ಪದ್ಧತಿ. ಹೂ ಬಂದ ಮೇಲೆ ಇಪ್ಪತ್ತು ದಿನದ ಸುಮಾರಿಗೆ ಇನ್ನೊಂದು ಮಳೆ ಬೀಳಬೇಕು, ಆಗಲೇ ಹೂ ಕಾಯಿಯಾಗಿ ನಿಲ್ಲುವುದು. ಆ ಎರಡನೇ ಮಳೆಗೆ ಬೆಳೆಗಾರರೆಲ್ಲ ಬ್ಯಾಕಿಂಗ್ ಎನ್ನುತ್ತಾರೆ. ಬ್ಯಾಕಿಂಗ್ ಆಗುವವರೆಗೆ ಮೊಣ್ಣಪ್ಪನವರ ಮನೆಯಲ್ಲಿ ಶುಭದ ಮಾತು ಎತ್ತುವುದಿಲ್ಲ. ಅಪ್ಪನಿಗೆ ಅಮ್ಮನ ಸಂಬಂಧ ಕುದುರಿದ್ದೂ ಬ್ಯಾಕಿಂಗ್ ಆದ ಮರುದಿನವೇ.

ಹಾಗಾಗಿ ಅವಳು ತನಗೆ ಗೊತ್ತಿದ್ದ ಅತ್ಯಂತ ಸಂತೋಷದ ಮಾತನ್ನು ಹೇಳಿದಳು.

"ಬ್ಯಾಕಿಂಗ್ ಆಗ್ಲಿ."

ಹೇಳಿ ತಲೆ ತಗ್ಗಿಸಿದಳು. ನಾಚಿಕೆ ಇಳಿದ ಮೇಲೆ ನೋಡಿದರೆ ಅವನ ಮುಖದಲ್ಲಿ ನಗು ಇರಲಿಲ್ಲ. "ಸರಿ" ಎಂದ. ನಾಲ್ಕು ಫೋಟೋ ತೆಗೆದ, ಎಣಿಸಿದಂತೆ ನಾಲ್ಕೇ. ಕಾಫಿ ಕುಡಿಯದೆ ಹೊರಟ.

ಮುಂದಿನ ಸೋಮವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ.

ಪೂವಿ ವಾಟ್ಸಾಪಿನಲ್ಲಿ ಬರೆದಳು, ಅಕ್ಷರ ಅಕ್ಷರ ಹುಡುಕಿ: ಅತ್ತಿ ಮರಕ್ಕೆ ಮಂಗಟ್ಟೆ ಬಂದಿದೆ. ನೀಲಿ ಗೆರೆ ಎರಡು ಮೂಡಿದವು, ಉತ್ತರ ಮೂಡಲಿಲ್ಲ. ಮಂಗಟ್ಟೆ ಹಕ್ಕಿಗಳು ಮೂರು ದಿನ ಇದ್ದು, ಹಣ್ಣು ತಿಂದು, ಯಾರ ಕ್ಯಾಮೆರಾಕ್ಕೂ ಸಿಗದೆ ಹೋದವು. ಅವು ಹಾರುವಾಗಿನ ರೆಕ್ಕೆಯ ಸದ್ದನ್ನು ಅವಳು ಒಬ್ಬಳೇ ಕೇಳಿದಳು. ಎಷ್ಟು ಚೆಂದ ಇತ್ತೆಂದರೆ ಅಳು ಬಂತು. ನೋಡಿದ್ದನ್ನು ನೋಡಿದೆ ಎಂದು ಹೇಳಲು ಒಬ್ಬರು ಬೇಕೆಂಬ ಅಭ್ಯಾಸ ಅವಳಿಗೆ ಆಗಿಹೋಗಿತ್ತು.

ಮೂರನೇ ವಾರ ಭಾನುವಾರದ ಸಂತೆಗೆ ಹೋದ ಬೆಳ್ಳಮ್ಮತ್ತೆ, ಒಣಮೀನಿನ ಪೊಟ್ಟಣ ಇಡುತ್ತಾ ಹೇಳಿದರು, ಸ್ಟುಡಿಯೋ ಮುಂದೆ ಮಂಜು ಸಿಕ್ಕಿದ್ದ, ಯಾಕೆ ಬರುವುದಿಲ್ಲ ಎಂದು ತಾನೇ ಹಿಡಿದು ಕೇಳಿದೆ ಎಂದು.

"ಎಂತ ಅಂದ್ರು?" ಎಂದಳು ಪೂವಿ, ಮೀನಿನ ಕಡೆ ನೋಡುತ್ತಾ.

"ಅವರ ಮನೆಗೆ ಬ್ಯಾಕಿಂಗ್ ಇಲ್ವಂತೆ. ಅಪ್ಪ ಇಲ್ಲ, ಬ್ಯಾಕಿಂಗ್ ಮಾಡೋರು ಯಾರೂ ಇಲ್ಲ ಅತ್ತೆ ಅಂತಾನೆ. ಶುಂಠಿ ಬೆಳೆಯೋರಿಗೆ ಎಂತ ಬ್ಯಾಕಿಂಗ್ ಮಾರಾಯ್ತಿ? ಮಳೆ ಯಾರಾದ್ರೂ ಮಾಡೋದಾ? ತಲೆ ಕೆಟ್ಟಿದೆ ಅವನಿಗೆ."

ಪೂವಿಯ ಕೈ ಪೊಟ್ಟಣದ ಮೇಲೆ ನಿಂತಿತು. ಬಸ್ಸಿನಲ್ಲಿ, ಅಂಗಡಿ ಕಟ್ಟೆಯಲ್ಲಿ ಕೇಳಿದ ಇನ್ನೊಂದು ಮಾತು ನೆನಪಾಯಿತು. ಅವನಿಗೇನು, ಬ್ಯಾಕಿಂಗ್ ಇದೆ. ದೊಡ್ಡವರ ಬ್ಯಾಕಿಂಗ್. ಬೆನ್ನ ಹಿಂದೆ ಯಾರಿದ್ದಾರೆ ಎಂದು ತಾನು ಕೇಳಿದೆನೆಂದು ತಿಳಿದು, ಆ ಮನುಷ್ಯ ಮೂರು ವಾರದಿಂದ ತಲೆ ತಗ್ಗಿಸಿ ಓಡಾಡುತ್ತಿದ್ದಾನೆ. ಅವಳಿಗೆ ನಗು ಬರಲಿಲ್ಲ. ಹೂವಿನ ನಡುವೆ ನಿಂತು ಕೇಳಿದವನಿಗೆ ತನ್ನಿಂದ ಇಂಥ ಉತ್ತರ ಸಿಕ್ಕಿತೇ ಎಂದುಕೊಂಡಳು.

ಮರುದಿನ ಬೆಳಿಗ್ಗೆ ಅಪ್ಪ ಜಗುಲಿಯಲ್ಲಿ ಮೋಡ ಹುಡುಕುತ್ತಾ ಕೂತಿದ್ದಾಗ ಅವಳು ಹತ್ತಿರ ಹೋಗಿ ನಿಂತಳು. ಹೇಳಬೇಕಾದದ್ದನ್ನು ಒಂದೇ ಉಸಿರಿಗೆ ಹೇಳಿದಳು. ಮಳೆ ಬರುವವರೆಗೆ ತಡೆಯಲಾಗುವುದಿಲ್ಲ ಎಂದೂ ಹೇಳಿದಳು. ಮೊಣ್ಣಪ್ಪನವರು ಮಗಳನ್ನು ನೋಡಿದರು, ಆಕಾಶವನ್ನು ನೋಡಿದರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು. ಅದನ್ನು ಹೊತ್ತುಕೊಂಡು ಪೂವಿ ಒಂಬತ್ತೂವರೆಯ ಬಸ್ಸು ಹತ್ತಿದಳು.

ಸೋಮವಾರವಾದರೂ ಸ್ಟುಡಿಯೋ ತೆರೆದಿತ್ತು. ಒಳಗೆ ಸ್ಟೂಲಿನ ಮೇಲೆ ಒಬ್ಬ ಅಜ್ಜ ಕತ್ತು ನೆಟ್ಟಗೆ ಮಾಡಿ ಫೋಟೋಗೆ ಕೂತಿದ್ದರು. ಬಾಗಿಲಲ್ಲಿ ಪೂವಿಯನ್ನು ಕಂಡು ಮಂಜುನಾಥನ ಕೈಯಲ್ಲಿದ್ದ ಕ್ಯಾಮೆರಾ ಕೆಳಗಿಳಿಯಿತು.

ಅಜ್ಜ ಇದ್ದಾರೆಂದು ಗೊತ್ತಿದ್ದೂ, ಈಗ ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಎಂದು ಅವಳು ಹೇಳಿಬಿಟ್ಟಳು. "ನಾನು ಹೇಳಿದ್ದು ಮಳೆ."

"ಯಾವ ಮಳೆ?"

"ಬ್ಯಾಕಿಂಗ್. ಹೂ ನಿಲ್ಲೋಕೆ ಬರೋ ಮಳೆ. ಅದಾದ್ಮೇಲೆ ಅಮ್ಮನ್ನ ಕರ್ಕೊಂಡು ಬನ್ನಿ ಅಂದೆ."

ಮಂಜುನಾಥ ಅವಳನ್ನೇ ನೋಡಿದ. ನಂಬಿದರೆ ಎಲ್ಲಿ ಸುಳ್ಳಾಗುತ್ತದೋ ಎಂಬಂತೆ ಅಜ್ಜನ ಕಡೆ ತಿರುಗಿದ.

"ಮಳೆ ಮಾರಾಯ, ಮಳೆ," ಎಂದರು ಅಜ್ಜ, ಕತ್ತು ಅಲ್ಲಾಡಿಸದೆ. "ಇಷ್ಟೂ ಗೊತ್ತಿಲ್ಲದೆ ಗೋಣಿಕೊಪ್ಪಲಲ್ಲಿ ಅಂಗಡಿ ಇಟ್ಟಿದ್ದೀಯಲ್ಲ. ಮೊದಲು ನಂದು ತೆಗಿ, ಬಸ್ಸಿಗೆ ಹೊತ್ತಾಯ್ತು."

ಅವನು ತೆಗೆದ. ಕಣ್ಣು ಬಾಗಿಲ ಕಡೆಗೇ ಹೋಗಿ ಮೂರು ಸಲ ತೆಗೆಯಬೇಕಾಯಿತು. ಅಜ್ಜ ಹೋದ ಮೇಲೆ ಅವನು ಅವಳ ಎದುರು ಬಂದು ನಿಂತ.

"ಮದುವೆಮನೇಲಿ ಫೋಟೋ ತೆಗೀವಾಗ ಎಷ್ಟೋ ಜನ ಕೇಳ್ತಾರೆ, ನಿನ್ನ ಹಿಂದೆ ಯಾರಿದ್ದಾರೆ ಅಂತ. ನೀವೂ ಕೇಳಿದ್ರಿ ಅಂದ್ಕೊಂಡೆ. ಕೇಳೋರಲ್ಲ ನೀವು ಅಂತ ಗೊತ್ತಿತ್ತು. ಗೊತ್ತಿದ್ದೂ ಅಂದ್ಕೊಂಡೆ." ತಪ್ಪಾಯಿತು ಎನ್ನಲು ಹೊರಟವನು ನಿಲ್ಲಿಸಿ ಕೇಳಿದ, "ಮಳೆ ಬಂತಾ?"

"ಇಲ್ಲ."

"ಮತ್ತೆ?"

"ಅಪ್ಪಂಗೆ ಹೇಳ್ದೆ. ಬೆಳಿಗ್ಗೆ."

"ಏನಂದ್ರು?"

ಪೂವಿ ಈ ಸಲ ತಲೆ ತಗ್ಗಿಸಲಿಲ್ಲ. ನೋಡುವುದರಲ್ಲಿ ಅವಳಷ್ಟು ನುರಿತವರು ಆ ಸೀಮೆಯಲ್ಲಿ ಇರಲಿಲ್ಲ. ಅಷ್ಟೂ ವರ್ಷ ಮರ, ಹಕ್ಕಿ, ಬಿಸಿಲು ನೋಡಿದ ಕಣ್ಣಿನಿಂದ ಅವಳು ಅವನನ್ನು ನೆಟ್ಟಗೆ, ಸಾವಕಾಶವಾಗಿ ನೋಡಿದಳು. ನಿದ್ದೆಗೆಟ್ಟ ಕಣ್ಣು, ಬಲಗೆನ್ನೆಯ ಮೇಲೆ ಕ್ಯಾಮೆರಾ ಒತ್ತಿದ ಗುರುತು, ಉತ್ತರಕ್ಕೆ ಕಾದು ಅರ್ಧ ತೆರೆದ ತುಟಿ. ಚೆಂದ ಇದ್ದಾನೆ ಎಂದುಕೊಂಡಳು.

"ನಿಮ್ಮಮ್ಮ ಊಟಕ್ಕೆ ಬರ್ತಾರಾ, ಕಾಫಿಗೆ ಮಾತ್ರವಾ, ಅಂತ ಕೇಳಿದ್ರು."

ಅವನ ಮುಖದಲ್ಲಿ ನಗು ಎದ್ದು ಬಂತು, ಗದ್ದೆಯ ಕೆಸರಿನಿಂದ ಎದ್ದು ನಿಂತ ದಿನಕ್ಕಿಂತ ನಿಧಾನವಾಗಿ. "ಊಟಕ್ಕೆ," ಎಂದ. "ಅಮ್ಮ ಒಪ್ಪತ್ತಿಗೆಲ್ಲ ಬರೋರಲ್ಲ. ರಾತ್ರಿ ಊಟನೂ ಮಾಡ್ಕೊಂಡೇ ಹೋಗೋಣ ಅಂತಾರೆ."

"ಹಾಗಿದ್ರೆ ಅಪ್ಪಂಗೆ ಹೇಳ್ತೀನಿ," ಎಂದಳು ಪೂವಿ.

ಅವನು ಅಂಗಡಿಯ ಶಟರ್ ಎಳೆದು, ಬಸ್‌ಸ್ಟ್ಯಾಂಡಿನವರೆಗೆ ಅವಳ ಜೊತೆ ನಡೆದ. ರಸ್ತೆಯ ಬದಿಯಲ್ಲಿ ಬೆಳೆಗಾರರು ಎರಡೆರಡು ಹೆಜ್ಜೆಗೆ ಕತ್ತೆತ್ತಿ ಮೇಲೆ ನೋಡುತ್ತಿದ್ದರು. ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ. ಪೂವಿ ಅಂದು ಅದರ ಕಡೆ ನೋಡಲೇ ಇಲ್ಲ.