ಮೊದಲು ಮಾತಾಡಿಸಿದವರು ಸೋತರು

ಬೇಕರಿ ಪಕ್ಕದ ಓಣಿ ಎಷ್ಟು ಇಕ್ಕಟ್ಟು ಅಂದರೆ, ಎದುರಾದ ಇಬ್ಬರಲ್ಲಿ ಒಬ್ಬರು ಗೋಡೆಗೆ ಒರಗಲೇಬೇಕು. ಅವತ್ತು ಬೆಳಿಗ್ಗೆ ಆ ಓಣಿಯಲ್ಲಿ ಎದುರಾದವರು ಮಿರ್ತಾ ಮತ್ತು ಲೋವ್ರೆ.

ಇಬ್ಬರೂ ನಿಂತರು. ಇಬ್ಬರೂ ಒರಗಲಿಲ್ಲ.

ಮಿರ್ತಾ ಕಿಟಕಿಯಲ್ಲಿ ಮಲಗಿದ್ದ ಬೆಕ್ಕನ್ನು ನೋಡಿದಳು. ಅವನು ತನ್ನ ಕೈಯಲ್ಲಿದ್ದ ಬೀಗದ ಕೈಯನ್ನು ನೋಡಿದ, ಜನ್ಮದಲ್ಲಿ ಬೀಗದ ಕೈಯನ್ನೇ ಕಾಣದವನ ಹಾಗೆ.

ಅವನ ಅಂಗಿಯಿಂದ ಅದೇ ಹಳೆಯ ವಾಸನೆ... ಉಪ್ಪು, ಡೀಸೆಲ್, ಕಾಫಿ. ಮಿರ್ತಾಳ ಎದೆ ಧಸಕ್ಕೆಂದಿತು. 'ಥೂ, ನಾಚಿಕೆಗೆಟ್ಟ ಎದೆ' ಎಂದು ಅದನ್ನೇ ಬೈದುಕೊಂಡಳು.

ಕೊನೆಗೆ ಇಬ್ಬರೂ ಭುಜ ಓರೆ ಮಾಡಿ, ತಾಗದಂತೆ ಉಸಿರು ಹಿಡಿದು ದಾಟಿದರು. 'ನಮಸ್ಕಾರ' ಎಂಬ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ.

ಬ್ರೆಡ್ ಮಾರುವ ಪೆರೀನಾ ಬೇಕರಿಯ ಒಳಗಿನಿಂದ ಕತ್ತು ಚಾಚಿ ಎಲ್ಲವನ್ನೂ ನೋಡಿ, ಸಾಲಿನಲ್ಲಿ ನಿಂತವರಿಗೆ ವರದಿ ಒಪ್ಪಿಸಿದಳು.

"ಇಲ್ಲ ಕಣ್ರೀ. ಇವತ್ತೂ ಇಲ್ಲ."

ನಮ್ಮ ಬ್ರಾಚ್ ದ್ವೀಪದ ಮಹಾಜನರಿಗೆ ಬೇರೆ ಕೆಲಸವಾದರೂ ಏನಿದೆ? ಇಲ್ಲಿ ಜಗಳಕ್ಕೆ ಬೈಗುಳ ಬೇಕಿಲ್ಲ, ಕೈ ಎತ್ತಬೇಕಿಲ್ಲ. ಎದುರಿಗೆ ಸಿಕ್ಕಾಗ ಮಾತಾಡಿಸೋದು ಬಿಟ್ಟರೆ ಆಯಿತು. ಆಲಿವ್ ತೋಟದ ಗೋಡೆಯ ವಿಷಯಕ್ಕೆ ಮಾತಾಡಿಸೋದು ಬಿಟ್ಟ ಅಣ್ಣ ತಮ್ಮ ಈಗ ಒಂದೇ ಸ್ಮಶಾನದ ಎರಡು ಮೂಲೆಗಳಲ್ಲಿ ಮಲಗಿದ್ದಾರೆ. ಮೊದಲು ಬಾಯಿಬಿಟ್ಟವರು ಸೋತ ಹಾಗೆ. ಇದನ್ನು ನಾವು ಮರ್ಯಾದೆ ಅಂತ ಕರೀತೀವಿ.

ಮಿರ್ತಾ, ಲೋವ್ರೆ ಕಥೆ ಇನ್ನೂ ಘನವಾದದ್ದು. ಅವನು ಸರಕು ಹಡಗಿನವನು. ಮದುವೆ ಮಾತಾಗಿತ್ತು. ಅಷ್ಟರಲ್ಲಿ ಅವಳನ್ನು ಒಂದು ಮಾತೂ ಕೇಳದೆ ಮತ್ತೊಂದು ಪ್ರಯಾಣಕ್ಕೆ ಒಪ್ಪಿಕೊಂಡ. ಅವಳು ಕೂಗಾಡಿದಳು, ಅವನು ಬ್ಯಾಗು ಎತ್ತಿಕೊಂಡು ಹೊರಟ.

ತಿಂಗಳುಗಟ್ಟಲೆ ಕಳೆದು ವಾಪಸು ಬಂದ ದಿನ, ಸಮುದ್ರದ ದಂಡೆಯ ಕಾಫಿ ಅಂಗಡಿಯ ಮುಂದೆ ಕೂತಿದ್ದ. ಅವಳು ಅದೇ ದಾರಿಯಲ್ಲಿ ಬಂದಳು.

'ಊರು ಬಿಟ್ಟು ಹೋಗಿ ಬಂದವನು ಅವನು, ಅವನೇ ಮೊದಲು ಮಾತಾಡಿಸಲಿ' ಎಂದು ಅವಳು ಅಂದುಕೊಂಡಳು.

'ಕೂತವನನ್ನು ನಡೆದು ಬಂದವಳು ಮೊದಲು ಮಾತಾಡಿಸಬೇಕು' ಎಂದು ಅವನು ಅಂದುಕೊಂಡ.

ಎರಡೂ ನಮ್ಮೂರಿನ ಕಟ್ಟಳೆಯೇ. ಇಬ್ಬರದೂ ನ್ಯಾಯವೇ! ಹೀಗೆ ಇಬ್ಬರು ನ್ಯಾಯವಂತ ಮೂರ್ಖರು ಮೂರು ವರ್ಷ ಬಾಯಿ ಹೊಲಿದುಕೊಂಡು ಓಡಾಡಿದರು.

ಇನ್ನು ಮಿರ್ತಾಳ ಉದ್ಯೋಗ ಏನು ಗೊತ್ತಾ? ಬೇಸಿಗೆಯಲ್ಲಿ ದ್ವೀಪಕ್ಕೆ ಬರುವ ಪರದೇಶದವರಿಗೆ ನಮ್ಮ ಭಾಷೆ ಕಲಿಸುವುದು. ಮೊದಲ ವಾರದ ಪಾಠವೇ, ಜನರನ್ನು ಮಾತಾಡಿಸುವುದು ಹೇಗೆ ಅಂತ.

"ಪೊಜ್ದ್ರಾವ್ಲ್ಯಾಮ್, ನಾನು ಮಾತಾಡಿಸ್ತೀನಿ," ಎಂದು ಬೋರ್ಡಿನ ಮೇಲೆ ಬರೆದಳು. "ಪೊಜ್ದ್ರಾವ್ಲ್ಯಾಶ್, ನೀನು ಮಾತಾಡಿಸ್ತೀಯ. ಪೊಜ್ದ್ರಾವ್ಲ್ಯಾ... ಅವನು ಮಾತಾಡಿಸ್ತಾನೆ."

'ಅವನು' ಅನ್ನುವಾಗ ಅವಳ ದನಿ ಸ್ವಲ್ಪ ಕಹಿಯಾಯಿತು.

ಮುಂದಿನ ಬೆಂಚಿನಲ್ಲಿ ಎಲಿಯಾನಾ ಕೂತಿದ್ದಳು. ಚಿಲಿ ದೇಶದ ತೆಂಕಣ ತುದಿಯಿಂದ ಬಂದ ನಿವೃತ್ತ ಹಲ್ಲಿನ ಡಾಕ್ಟರು. ಅವಳ ತಾತ ಚಿಕ್ಕ ಮಗನನ್ನು ಕರೆದುಕೊಂಡು ಇದೇ ದ್ವೀಪದಿಂದ ಹಡಗು ಹತ್ತಿ ಹೋದವನು. ಅವಳು ಆಡುವ ಮಾತು ಪುಸ್ತಕದಿಂದ ಈಗಷ್ಟೇ ಎದ್ದು ಬಂದಂತೆ ಇರುತ್ತಿತ್ತು.

"ಒಬ್ಬರನ್ನೊಬ್ಬರು ಮಾತನಾಡಿಸುವುದಿಲ್ಲ ಎನ್ನಲು ಹೇಗೆ ಹೇಳಬೇಕು, ಮೇಡಂ?"

"ನೆ ಪೊಜ್ದ್ರಾವ್ಲ್ಯಾಮೊ ಸೆ. ಚೆನ್ನಾಗಿ ಕಲೀರಿ, ಈ ಊರಲ್ಲಿ ಇದೇ ಜಾಸ್ತಿ ಬೇಕಾಗೋದು."

ಎಲ್ಲರೂ ನಕ್ಕರು. ಮಿರ್ತಾ ನಗಲಿಲ್ಲ.

"ಇನ್ನೊಂದು ಬಳಕೆ ಇದೆ. 'ಇಂಥವರು ನಿಮ್ಮನ್ನ ಕೇಳಿದ್ರು' ಅಂತ ಹೇಳೋಕೂ ಇದೇ ಮಾತು. ನಾಳೆಗೆ ಇದೇ ನಿಮ್ಮ ಕೆಲಸ. ಒಬ್ಬರ ನಮಸ್ಕಾರವನ್ನ ಇನ್ನೊಬ್ಬರಿಗೆ ಮುಟ್ಟಿಸಿ, ಅವರು ಏನಂದ್ರು ಅಂತ ಕೇಳ್ಕೊಂಡು ಬನ್ನಿ."

ಪಾಠ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ, "ಮನೆಯವರನ್ನ ಕೇಳಿದೆ ಅಂತ ಹೇಳಿ" ಅಂದಳು. ಅದು ನಮ್ಮಲ್ಲಿ ಬಾಯಿಪಾಠ. ಕಾಗೆಗೆ ಹೇಳಿದರೂ ಹಾಗೇ ಹೇಳುತ್ತೇವೆ.

ಆದರೆ ಎಲಿಯಾನಾ ಹಿಂದಿನ ಸಂಜೆಯಷ್ಟೇ ಹೋಟೆಲು ಬಿಟ್ಟು ದೊಬ್ರಿಲಾಳ ಮನೆಯಲ್ಲಿ ಬಾಡಿಗೆಗೆ ಕೋಣೆ ಹಿಡಿದಿದ್ದಳು. ದೊಬ್ರಿಲಾ ಅಂದರೆ ಲೋವ್ರೆಯ ತಾಯಿ. ಇದು ಮಿರ್ತಾಳಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ದೊಬ್ರಿಲಾ ಮೀನಿನ ಸಾರು ಬಡಿಸುತ್ತಿದ್ದಳು. ಎಲಿಯಾನಾ ಗಂಟಲು ಸರಿಮಾಡಿಕೊಂಡು ಎದ್ದು ನಿಂತಳು.

"ಮಿರ್ತಾ ಮೇಡಂ ಈ ಮನೆಯವರನ್ನು ಕೇಳಿದರು."

ಲೋವ್ರೆಯ ಚಮಚ ತಟ್ಟೆಗೆ ಬಿತ್ತು.

"ಅವಳೇ ಹೇಳಿದ್ಲಾ? ಅವಳ ಬಾಯಿಂದಾನೇ?"

"ಅವರ ಬಾಯಿಯಿಂದಲೇ."

ಅವನು ಅರ್ಧ ಊಟಕ್ಕೇ ಎದ್ದು ಹೊರಗೆ ಹೋದ. ದೊಬ್ರಿಲಾ ಏಪ್ರನ್ನನ್ನೂ ಬಿಚ್ಚದೆ ಬೇಕರಿಯ ಕಡೆ ಓಡಿದಳು.

ಸಂಜೆ ಬ್ರೆಡ್ ತರಲು ಹೋದ ಮಿರ್ತಾಳನ್ನು ಪೆರೀನಾ ಹಲ್ಲು ಕಿರಿದು ಬರಮಾಡಿಕೊಂಡಳು.

"ಅಂತೂ ಬಗ್ಗಿದೆ ಅನ್ನು ಮಗಳೇ."

"ಯಾರು ಬಗ್ಗಿದ್ದು?"

"ನೀನೇ ಕಣೇ. ಅವರ ಮನೇಲಿ ಬಾಡಿಗೆಗಿರೋ ಡಾಕ್ಟರಮ್ಮನ ಕೈಲಿ ಲೋವ್ರೆಗೆ ನಮಸ್ಕಾರ ಕಳಿಸಿದ್ಯಂತೆ. ಅವರಮ್ಮ ಇಡೀ ಊರಿಗೆ ಹೇಳ್ಕೊಂಡು ಬಂದ್ಲು. ನಾವೇನೂ ಅನ್ಕೊಳಲ್ಲ ಬಿಡು, ವಯಸ್ಸೂ ಆಗ್ತಾ ಬಂತಲ್ಲ..."

ಮಿರ್ತಾಳ ಮುಖ ಕೆಂಡವಾಯಿತು. ಬ್ರೆಡ್ಡು ಅಲ್ಲೇ ಬಿಟ್ಟು ಮನೆಗೆ ಬಂದಳು. 'ಕೂತು ನಗ್ತಿರ್ತಾನೆ ಅಲ್ಲಿ. ಅಮ್ಮನ ಕೈಲಿ ಡಂಗುರ ಹೊಡೆಸಿದಾನೆ, ಹೇಡಿ!'

ಮರುದಿನದಿಂದ ಬೇಕರಿ ಓಣಿಗೆ ಕಾಲೇ ಇಡಲಿಲ್ಲ. ಚರ್ಚಿನ ಹಿಂದಿನ ಮೆಟ್ಟಿಲು ಹತ್ತಿ, ಊರು ಸುತ್ತಿ ಶಾಲೆಗೆ ಹೋದಳು. ನಾಲ್ಕನೆಯ ದಿನ ತಡೆಯಲಾಗದೆ, ತರಗತಿ ಮುಗಿದ ಮೇಲೆ ಎಲಿಯಾನಾಳನ್ನು ನಿಲ್ಲಿಸಿಕೊಂಡಳು.

"ಅದನ್ನ ವಾಪಸ್ ತಗೊಳ್ಳಿ. ನಾನು ಸುಮ್ನೆ ಬಾಯಿಮಾತಿಗೆ ಹೇಳಿದ್ದು ಅಂತ ಹೇಳಿ."

"ಕೊಟ್ಟ ನಮಸ್ಕಾರವನ್ನು ಹೇಗೆ ಹಿಂದಕ್ಕೆ ಪಡೆಯುವುದು, ಮೇಡಂ? ಆ ಪಾಠವನ್ನು ನೀವು ಮಾಡಿಲ್ಲ."

ಮಿರ್ತಾ ಹಲ್ಲು ಕಚ್ಚಿದಳು. ಬೇಡಬೇಡವೆಂದರೂ ಮುಂದಿನ ಪ್ರಶ್ನೆ ಹೊರಬಿತ್ತು.

"ಅವನು ಏನಂದ?"

"ಏನೂ ಇಲ್ಲ. ಉತ್ತರವನ್ನು ಕೊಡಲಿಲ್ಲ."

ಏನೂ ಇಲ್ಲ... ಊರೆಲ್ಲ ನಗುವ ಹಾಗೆ ಮಾಡಿ, ಒಂದು ಮರುನಮಸ್ಕಾರಕ್ಕೂ ಗತಿಯಿಲ್ಲ. ಮಿರ್ತಾಳಿಗೆ ಅವನ ಮೇಲೆ ಎಷ್ಟು ಹೇಸಿಗೆಯಾಯಿತೋ, ಉತ್ತರಕ್ಕೆ ಕಿವಿ ಕೊಟ್ಟ ತನ್ನ ಮೇಲೂ ಅಷ್ಟೇ ಆಯಿತು.

ಎಲಿಯಾನಾ ಹೊರಡಲಿಲ್ಲ. ಕನ್ನಡಕ ಒರೆಸುತ್ತಾ ನಿಂತಳು.

"ನಮ್ಮ ತಂದೆ ಸಾಯುವ ಮೊದಲು, ಇಲ್ಲಿರುವ ತನ್ನ ಸೋದರತ್ತೆಯ ಮಗಳಿಗೆ ನಮಸ್ಕಾರ ಹೇಳಿ ಕಳುಹಿಸಿದರು. ಚಿಕ್ಕಂದಿನ ಯಾವುದೋ ಕೋಪವಂತೆ. ನಾನು ಬಂದೆನು, ಹುಡುಕಿದೆನು. ಆಕೆ ಸ್ಮಶಾನದಲ್ಲಿ ಇದ್ದಳು. ಕಲ್ಲಿನ ಮುಂದೆ ನಿಂತು ಹೇಳಿದೆನು. ಕಲ್ಲು ಉತ್ತರವನ್ನು ಕೊಡುವುದಿಲ್ಲ, ಮೇಡಂ."

ಮಿರ್ತಾ ಬೋರ್ಡು ಒರೆಸಲು ತಿರುಗಿದಳು.

"ಮತ್ತೆ... ಲೋವ್ರೆ ಭಾನುವಾರ ಬೆಳಗಿನ ಹಡಗಿಗೆ ಹೊರಡುತ್ತಾನೆ. ರಿಯೆಕಾ ಬಂದರಿನಲ್ಲಿ ಕೆಲಸ. ಇನ್ನು ಹಿಂದಿರುಗುವುದಿಲ್ಲವಂತೆ. ತಾಯಿ ಬೆಳಿಗ್ಗೆಯಿಂದ ಅಳುತ್ತಿದ್ದಾಳೆ."

"ಹೋಗ್ಲಿ, ಪೀಡೆ ತೊಲಗ್ತು," ಅಂದಳು ಮಿರ್ತಾ. ಮನೆಗೆ ಬಂದು ಆಲೂಗಡ್ಡೆ ಸುಲಿಯಲು ಕೂತವಳಿಗೆ ಕಣ್ಣೀರು ನಿಲ್ಲಲಿಲ್ಲ. ಈರುಳ್ಳಿಯಾಗಿದ್ದರೆ ನೆಪವಾದರೂ ಇರುತ್ತಿತ್ತು.

'ಸೋತರೆ ಏನಾಗುತ್ತೆ? ಪೆರೀನಾ ನಗ್ತಾಳೆ. ಗೆದ್ದರೆ...? ಆ ಓಣಿಯಲ್ಲಿ ಇನ್ಯಾರೂ ಎದುರು ಬರೋದಿಲ್ಲ. ಮಾತಾಡಿಸದೆ ಇರೋಕಾದರೂ ಒಬ್ಬ ಬೇಕಲ್ಲ...'

ಭಾನುವಾರ ಬೆಳಿಗ್ಗೆ ಹಡಗು ನಿಲ್ಲುವ ಧಕ್ಕೆಯ ಹತ್ತಿರ ಅರ್ಧ ಊರು ಕಾಫಿ ಕುಡಿಯುತ್ತಾ ಕೂತಿತ್ತು. ಚರ್ಚಿನ ಪೂಜೆಗೂ ಇಷ್ಟು ಹೊತ್ತಿಗೆ ಏಳದ ಜನ! ಪೆರೀನಾ ಬೇಕರಿಗೇ ಬಾಗಿಲು ಹಾಕಿ ಬಂದಿದ್ದಳು.

ಲೋವ್ರೆ ಎರಡು ಬ್ಯಾಗು ಇಟ್ಟುಕೊಂಡು ನಿಂತಿದ್ದ. ಮಿರ್ತಾ ಎಲ್ಲರ ಮುಂದೆ ನೇರವಾಗಿ ನಡೆದು ಬಂದು, ಅವನೆದುರು ನಿಂತಳು. ಕಪ್ಪುಗಳೆಲ್ಲ ಬಾಯಿಯ ಹತ್ತಿರವೇ ನಿಂತವು.

"ನಮಸ್ಕಾರ, ಲೋವ್ರೆ."

ಅವನು ಬಾಯಿ ತೆರೆದ. ಮಾತು ಹೊರಡಲಿಲ್ಲ.

'ಈಗಲೂ ಇಲ್ಲವಾ? ಇಷ್ಟು ಜನರ ಮುಂದೆ...' ಮಿರ್ತಾ ಸೊಂಟಕ್ಕೆ ಕೈ ಕೊಟ್ಟಳು.

"ಕೇಳಿಸ್ಲಿಲ್ವಾ? ಜೋರಾಗಿ ಹೇಳ್ಬೇಕಾ? ಅವತ್ತೂ ಉತ್ತರ ಕೊಡ್ಲಿಲ್ಲ, ಇವತ್ತೂ ಇಲ್ಲ. ಅಷ್ಟೊಂದು ಕೊಬ್ಬಾ ನಿಂಗೆ?"

"ಕೊಬ್ಬಲ್ಲ ಮಾರಾಯ್ತಿ," ಅವನ ದನಿ ಒಡೆದಿತ್ತು. "ಮೂರು ವರ್ಷ ಆದ್ಮೇಲೆ ನೀನು ಕೇಳಿ ಕಳಿಸಿದ್ದೀಯ. ಅದಕ್ಕೆ ಇನ್ಯಾರದೋ ಕೈಲಿ ಉತ್ತರ ಕಳಿಸ್ಲಾ? ಎದುರಿಗೇ ಹೇಳ್ಬೇಕು ಅನ್ನಿಸ್ತು. ದಿನಾ ಬೆಳಿಗ್ಗೆ ಬೇಕರಿ ಓಣೀಲಿ ಕಾದೆ. ನೀನು ಬರ್ಲೇ ಇಲ್ಲ. ಕಳಿಸಿದ್ದಕ್ಕೆ ಪಶ್ಚಾತ್ತಾಪ ಪಟ್ಟೆ ಅನ್ಕೊಂಡೆ. ಅದಕ್ಕೇ ರಿಯೆಕಾದವರಿಗೆ ಬರ್ತೀನಿ ಅಂದ್ಬಿಟ್ಟೆ."

ಮಿರ್ತಾ ಬೆಪ್ಪಾಗಿ ನಿಂತಳು. ತಾನು ಚರ್ಚಿನ ಹಿಂದೆ ಮೆಟ್ಟಿಲು ಹತ್ತುತ್ತಿದ್ದಾಗ, ಇವನು ಅಲ್ಲಿ... ಇವಳೂ ಏನು ಕಡಿಮೆ ಮೂರ್ಖಳೇ?

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಸುಳ್ಳಿನ ಮೇಲೆ ಅವನನ್ನು ಗೆಲ್ಲುವುದು ಅವಳಿಗೆ ಬೇಡವಾಯಿತು.

"ಅದು ನಿಂಗೆ ಕಳಿಸಿದ್ದಲ್ಲ ಲೋವ್ರೆ. ಆ ಡಾಕ್ಟರಮ್ಮ ನಿಮ್ಮನೇಲಿ ಇರೋದು ನಂಗೆ ಗೊತ್ತೇ ಇರ್ಲಿಲ್ಲ. ಎಲ್ಲರಿಗೂ ಹೇಳೋ ಹಾಗೆ ಹೇಳಿದ್ದು."

ಅವನ ಮುಖ ಸಪ್ಪಗಾಯಿತು. ನಿಧಾನವಾಗಿ ಬಗ್ಗಿ ಬ್ಯಾಗಿಗೆ ಕೈ ಹಾಕಿದ.

"ಹಾಗಾದ್ರೆ ನನ್ನನ್ನ ನೀನು ಕೇಳೇ ಇಲ್ಲ."

"ಅವತ್ತು ಕೇಳ್ಲಿಲ್ಲ," ಮಿರ್ತಾ ಅವನ ಕೈ ಹಿಡಿದಳು. "ಈಗ ಹೇಳಿದ್ನಲ್ಲ, ಅದು ನಂದು. ಯಾರ ಕೈಲೂ ಕಳಿಸಿದ್ದಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟು, ಮಾನ ಮರ್ಯಾದೆ ಎಲ್ಲ ಮನೇಲಿ ಬಿಟ್ಟು ಬಂದು ಹೇಳಿದ್ದು. ನನಗೆ ನೀನು ಬೇಕು ಕಣೋ... ಈಗಲಾದ್ರೂ ಉತ್ತರ ಕೊಡು."

ಲೋವ್ರೆಯ ಕಣ್ಣು ತುಂಬಿತು.

"ನಮಸ್ಕಾರ, ಮಿರ್ತಾ," ಅಂದ. "ಹೇಗಿದ್ದೀಯಾ?"

"ಹಾಳಾಗಿದ್ದೀನಿ. ನೀನು?"

"ನಾನೂ."

ಹಿಂದಿನಿಂದ ಪೆರೀನಾ ಪಕ್ಕದವಳಿಗೆ ಹೇಳಿದ್ದು ಇಡೀ ಧಕ್ಕೆಗೆ ಕೇಳಿಸಿತು. "ನೋಡಿದ್ಯಾ? ಮೊದಲು ಮಾತಾಡಿಸಿದ್ದು ಅವಳೇ. ಸೋತಳು."

ಮಿರ್ತಾ ತಿರುಗಿಯೂ ನೋಡಲಿಲ್ಲ. ಹಡಗಿನವನು ಹಗ್ಗ ಹಿಡಿದು ಗೊಣಗಿದ, "ಏನಪ್ಪಾ, ಹತ್ತುತ್ತೀಯೋ, ಇಲ್ವೋ?"

"ಹೋಗ್ತೀಯಾ?" ಮಿರ್ತಾ ಕೇಳಿದಳು.

"ಬೇಡ ಅಂತ ನೀನು ಹೇಳಿದ್ರೆ ಇಲ್ಲ."

"ನಾನ್ಯಾಕೆ ಹೇಳ್ಲಿ? ಒಂದೇ ಬೆಳಿಗ್ಗೆ ಎರಡು ಸಲ ಸೋಲೋಕೆ ನಂಗೇನು ಹುಚ್ಚಾ?"

ಲೋವ್ರೆ ನಕ್ಕ. ಆಮೇಲೆ ಊರಿಗೆಲ್ಲ ಕೇಳುವಷ್ಟು ಜೋರಾಗಿಯೇ ಅಂದ:

"ಸರಿ, ಈ ಸಲ ನಾನು ಸೋಲ್ತೀನಿ. ಅವತ್ತು ಹೋಗೋ ಮುಂಚೆ ನಿನ್ನ ಕೇಳಬೇಕಿತ್ತು, ಕೇಳ್ಲಿಲ್ಲ. ಈಗ ಕೇಳ್ತಿದ್ದೀನಿ. ಮಿರ್ತಾ, ನಾನು ಇಲ್ಲೇ ಇರ್ಲಾ?"

ಅವಳು ಕಣ್ಣೊರೆಸಿಕೊಂಡು, ಎರಡು ಬ್ಯಾಗುಗಳಲ್ಲಿ ಹಗುರವಾದದ್ದನ್ನು ಆರಿಸಿ ಹೆಗಲಿಗೆ ಹಾಕಿಕೊಂಡಳು.

"ಇರು," ಅಂದಳು. "ಭಾರದ್ದು ನೀನೇ ಎತ್ಕೊ."